ಲೋಕದ ಸಮಸ್ಯೆಗಳ ಓದು ಮತ್ತು ನಮ್ಮ ಹಾಲಿನ ಸಂಘ

(ಸಂಘದ ರಜತ ಮಹೋತ್ಸವದ ಅಂಗವಾಗಿ 2025ರಲ್ಲಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)





ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. 2000ನೇ ಇಸವಿಯಲ್ಲಿ ದೇವಸ್ಥಾನದ ಪಕ್ಕದ ಹಳೇ ಚಾವಡಿಯಲ್ಲಿ ಒಂದು ಮೇಜು, ಎರಡು ಕ್ಯಾನು, ಒಂದು ಲ್ಯಾಕ್ಟೋಮೀಟರ್ ಇಟ್ಟುಕೊಂಡು ಶುರುವಾದ ಸಂಘ ಇವತ್ತು ಸ್ವಂತ ಕಟ್ಟಡದಲ್ಲಿ ನಿಂತಿದೆ. ಸರಿಯಾಗಿ ಇದೇ 2025ನೇ ವರ್ಷವನ್ನು ವಿಶ್ವಸಂಸ್ಥೆಯವರು ಅಂತಾರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿರುವುದು ನಮಗೆಲ್ಲ ಸಂತೋಷದ ವಿಷಯ.

ಮಹೋತ್ಸವ ಸಮಿತಿಯವರು ನಮಗೆ ಕೊಟ್ಟಿರುವ ವಿಷಯ 'ಉನ್ನತ ವ್ಯಾಸಂಗ ಮತ್ತು ಸಹಕಾರಿಗಳ ಕರ್ತವ್ಯ' ಎಂಬುದು. ಕೇಳಿದಾಗ ನಗು ಬಂತು. ನಾವು ಓದಿರುವುದು ಎಸ್.ಎಸ್.ಎಲ್.ಸಿ. ಅದೂ ಗಣಿತದಲ್ಲಿ ಒಂದು ಸಲ ಡುಮ್ಕಿ ಹೊಡೆದು, ಎರಡನೇ ಸಲಕ್ಕೆ ಪಾಸಾದವರು. ಉನ್ನತ ವ್ಯಾಸಂಗದ ವಿಷಯ ಮಾತಾಡೋದಕ್ಕೆ ನಮಗಿಂತ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ವಿಷಯದಲ್ಲಿ ನಮ್ಮ ಕಡೆಯಿಂದ ಒಂದು ತಪ್ಪು ನಡೆದಿದೆ. ಆ ತಪ್ಪು ಸಂಘದ ನಡಾವಳಿ ಪುಸ್ತಕದಲ್ಲಿ ನಮ್ಮ ಸಹಿಯ ಸಮೇತ ದಾಖಲಾಗಿದೆ. ಅದನ್ನು ಸದಸ್ಯರ ಮುಂದೆ ಹೇಳಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು ಎಂದು ಒಪ್ಪಿಕೊಂಡೆವು.

ವಿಷಯ ಇಷ್ಟು. 2023ರಲ್ಲಿ ನಮ್ಮ ಅಣ್ಣನ ಮಗಳು ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದಳು. ಬೆಂಗಳೂರಿನ ಒಂದು ವಿಶ್ವವಿದ್ಯಾನಿಲಯದಲ್ಲಿ ಎಂ.ಎ.ಗೆ ಸೀಟು ಸಿಕ್ಕಿತು. ಎಂ.ಎ. ಅಂದರೆ ಕನ್ನಡವೋ ಇತಿಹಾಸವೋ ಇರಬೇಕು ಅಂದುಕೊಂಡರೆ, ಇದು ಬೇರೆ ಥರದ್ದು. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ, ಪರಿಸರ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡು, ಈಗ ಲೋಕಕ್ಕೆಲ್ಲ ಬಂದಿರುವ ಸಮಸ್ಯೆಗಳನ್ನು ಓದುವುದಂತೆ. ಹವಾಮಾನ ಕೆಡುವುದು, ನೀರಿನ ಬರ, ಹಸಿವು, ಗುಳೆ ಹೋಗುವುದು, ಯುದ್ಧ, ಸಾಂಕ್ರಾಮಿಕ ರೋಗ, ಇಂಥವು.

ಮನೆಯಲ್ಲಿ ನಾವೇ ಮೊದಲು ಕೇಳಿದ್ದು: "ಅಲ್ಲಮ್ಮ, ಇದನ್ನು ಓದಿ ನೀನು ಏನಾಗ್ತೀಯ? ಡಾಕ್ಟರಾ, ಮೇಷ್ಟ್ರಾ, ತಹಸೀಲ್ದಾರಾ?"

ಅವಳು, "ಏನಾಗ್ತೀನೋ ಓದಿದ ಮೇಲೆ ಗೊತ್ತಾಗುತ್ತೆ ಚಿಕ್ಕಪ್ಪ" ಅಂದಳು.

ಲೋಕದ ಕಷ್ಟ ನೋಡೋಕೆ ದೊಡ್ಡ ದೊಡ್ಡ ದೇಶದವರು ಇದ್ದಾರೆ, ನೀನು ಬಿ.ಎಡ್. ಮಾಡು, ಹತ್ತಿರದಲ್ಲೇ ಕೆಲಸ ಸಿಗುತ್ತೆ ಅಂದೆವು. ಆ ಹೊತ್ತಿಗೆ ಮಾಲೂರಿನ ಕಡೆಯಿಂದ ಒಂದು ಒಳ್ಳೆಯ ಸಂಬಂಧವೂ ಬಂದಿತ್ತು.

ಅದೇ ತಿಂಗಳು ಆಡಳಿತ ಮಂಡಳಿಯ ಸಭೆಯಲ್ಲಿ ಸದಸ್ಯರ ಮಕ್ಕಳ ವಿದ್ಯಾರ್ಥಿ ಸಹಾಯಧನದ ವಿಷಯ ಬಂತು. ಅರ್ಜಿಗಳಲ್ಲಿ ಅವಳದೂ ಒಂದಿತ್ತು. ನಾವು ಎದ್ದು ನಿಂತು, ಸಹಾಯಧನವನ್ನು ವೈದ್ಯಕೀಯ, ಪಶುವೈದ್ಯಕೀಯ, ಇಂಜಿನಿಯರಿಂಗ್, ಕೃಷಿ ಇಂಥ 'ಉಪಯುಕ್ತ' ವ್ಯಾಸಂಗಕ್ಕೆ ಮಾತ್ರ ಕೊಡತಕ್ಕದ್ದು ಎಂದು ಸೂಚಿಸಿದೆವು. ಠರಾವು ಪಾಸಾಯಿತು. ಸ್ವಂತ ಅಣ್ಣನ ಮಗಳ ಅರ್ಜಿ ತಳ್ಳಿಹಾಕಿದರಲ್ಲ, ಎಂಥ ಪ್ರಾಮಾಣಿಕ ನಿರ್ದೇಶಕರು ಎಂದು ಕೆಲವರು ಹೊಗಳಿದರು. ನಾವೂ ಸುಮ್ಮನೆ ಕೇಳಿಸಿಕೊಂಡೆವು. ಇವತ್ತು ನಿಜ ಹೇಳುತ್ತೇವೆ. ಅದು ಪ್ರಾಮಾಣಿಕತೆ ಆಗಿರಲಿಲ್ಲ. ಆ ಓದು ಯಾವ ಕೆಲಸಕ್ಕೂ ಬಾರದ್ದು ಎಂದು ನಾವು ತಿಳಿದಿದ್ದೆವು, ಅಷ್ಟೆ. ಕೊನೆಗೆ ನಮ್ಮ ಅತ್ತಿಗೆಯವರು ಸ್ತ್ರೀಶಕ್ತಿ ಗುಂಪಿನಲ್ಲಿ ಸಾಲ ತೆಗೆದು, ಇದ್ದ ಮೂರು ಹಸುವಿನಲ್ಲಿ ಒಂದನ್ನು ಮಾರಿ ಮಗಳನ್ನು ಕಳಿಸಿದರು.

ಮೊದಲನೇ ವರ್ಷ ಮುಗಿದ ಮೇಲೆ, 2024ರ ಬೇಸಿಗೆಯಲ್ಲಿ ಅವಳು ಊರಿಗೆ ಬಂದಳು. ಆ ವರ್ಷ ಹೇಗಿತ್ತು ಅನ್ನೋದು ನಿಮಗೆ ನೆನಪಿರುತ್ತೆ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಬೆಂಗಳೂರಿನಲ್ಲೇ ಟ್ಯಾಂಕರ್ ನೀರಿಗೆ ಜನ ಸಾಲುಗಟ್ಟಿ ನಿಂತಿದ್ದರು. ಬಿಸಿಲಿಗೆ ಸೀಮೆ ಹಸುಗಳು ಮೇವು ಮುಟ್ಟದೆ, ಸಂಘಕ್ಕೆ ಬರುವ ಹಾಲು ಇಳಿದಿತ್ತು. ಅವಳು ಒಂದು ನೋಟುಪುಸ್ತಕ ಹಿಡಿದು, ಒಂದು ತಿಂಗಳು ಮನೆ ಮನೆ ಸುತ್ತಿದಳು. ಕಾಲೇಜಿನವರು ಕೊಟ್ಟ ಕೆಲಸವಂತೆ. ವಿಷಯ, ನಮ್ಮೂರ ಹಾಲು.

ಒಂದು ದಿನ ಜಗಲಿ ಮೇಲೆ ಕೂತು ನಮ್ಮನ್ನು ಕೇಳಿದಳು, "ಒಂದು ಲೀಟರ್ ಹಾಲು ಎಲ್ಲಿಂದ ಬರುತ್ತೆ ಚಿಕ್ಕಪ್ಪ?"

"ಹಸುವಿನಿಂದ" ಅಂದೆವು. ಮತ್ತಿನ್ನೇನು ಹೇಳೋದು?

"ಹಸುಗೆ ಮೇವು ಎಲ್ಲಿಂದ?" "ತೋಟದಿಂದ." "ತೋಟಕ್ಕೆ ನೀರು ಎಲ್ಲಿಂದ?" "ಬೋರಿನಿಂದ." "ಬೋರಿಗೆ?"

ಅಲ್ಲಿಗೆ ನಮ್ಮ ಬಾಯಿ ಕಟ್ಟಿತು. ಯಾಕೆಂದರೆ ಬೋರಿಗೆ ನೀರು ಎಲ್ಲಿಂದ ಬರುತ್ತಿದೆ ಅನ್ನೋದು ನಮ್ಮ ಜಿಲ್ಲೆಯಲ್ಲಿ ಈಗ ಸಣ್ಣ ಪ್ರಶ್ನೆ ಅಲ್ಲ.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಹಿಂದಿನವರು ಕೆರೆ ಕಟ್ಟಿದರು. ನಾವು ಬೋರು ಕೊರೆದೆವು. ನಮ್ಮ ತಂದೆಯವರ ಕಾಲದಲ್ಲಿ ಇನ್ನೂರು ಅಡಿಗೆ ಬಂದ ನೀರು, ನಮ್ಮ ಕಾಲಕ್ಕೆ ಸಾವಿರದ ಇನ್ನೂರು ಅಡಿಗೂ ಬರಲಿಲ್ಲ. ಬಂದ ನೀರಿನಲ್ಲೂ ಎಷ್ಟೋ ಕಡೆ ಫ್ಲೋರೈಡ್. 2018ರ ಜೂನ್‌ನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು, ಅದೇ ನಾವು ಕೆ.ಸಿ. ವ್ಯಾಲಿ ನೀರು ಅಂತೀವಲ್ಲ, ಅದು ನಮ್ಮ ಜಿಲ್ಲೆಗೆ ಹರಿಯಲು ಶುರುವಾಯಿತು. ಬೆಂಗಳೂರಿನ ಜನ ಬಳಸಿ ಬಿಟ್ಟ ನೀರನ್ನು ಎರಡು ಹಂತದಲ್ಲಿ ಶುದ್ಧಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ ಪಂಪು ಮಾಡಿ, 126 ಕೆರೆ ತುಂಬಿಸಬೇಕೆಂಬುದು ಯೋಜನೆ. ಆ ನೀರು ಕೆರೆಯಲ್ಲಿ ನಿಂತು ಭೂಮಿಗೆ ಇಂಗಬೇಕು, ನೇರವಾಗಿ ಬಳಸುವುದಕ್ಕಲ್ಲ ಎಂದು ಹೇಳಿದರು. ಮುಂದಿನ ತಿಂಗಳೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಾಣಿಸಿ, ಪಂಪಿಂಗ್ ನಿಂತು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಮೇಲೆ ಮತ್ತೆ ನೀರು ಹರಿಯಿತು.

ನಮ್ಮೂರ ಕೆರೆಗೂ ನೀರು ಬಂದ ದಿನ ಊರಿನವರೆಲ್ಲ ಬಾಗಿನ ಬಿಟ್ಟೆವು. ಸತ್ತುಹೋಗಿದ್ದ ಬೋರುಗಳಲ್ಲಿ ನೀರು ಬಂತು. ಅದನ್ನು ನಾವು ಮರೆಯಬಾರದು. ಆದರೆ ಅದೇ ಕೆರೆ ದಂಡೆಯಲ್ಲಿ ನಿಂತು ನಾವೇ ಎಷ್ಟು ಜಗಳ ಆಡಿದ್ದೇವೆ! ಈ ನೀರಿನ ಮೇವು ತಿಂದ ಹಸುವಿನ ಹಾಲು ಒಳ್ಳೆಯದಾ ಅಂತ ಒಬ್ಬರು. ನೀರೇ ಇಲ್ಲದಾಗ ಎಲ್ಲಿ ಹೋಗಿದ್ದಿರಿ ಅಂತ ಇನ್ನೊಬ್ಬರು. ಇನ್ನೂ ಒಂದು ಹಂತ ಶುದ್ಧಮಾಡಿ ಕೊಡಲಿ ಅಂತ ಮತ್ತೊಬ್ಬರು. ಕೆರೆ ಕೆಳಗಿನ ಗದ್ದೆಯವರಿಗೆ ಲಾಭ, ಮೇಲಿನ ಹೊಲದವರಿಗೆ ಏನು ಅಂತ ಮಗದೊಬ್ಬರು.

ನಮ್ಮ ಹುಡುಗಿ ಹೇಳಿದ್ದು ಇದು. ನೀರಿನಲ್ಲಿ ಏನಿದೆ ಅನ್ನೋದನ್ನು ರಸಾಯನಶಾಸ್ತ್ರ ಓದಿದವರು ಹೇಳುತ್ತಾರೆ. ಅದನ್ನು ಗುಡ್ಡ ಹತ್ತಿಸೋದು ಇಂಜಿನಿಯರು. ಖರ್ಚಿನ ಲೆಕ್ಕ ಅರ್ಥಶಾಸ್ತ್ರದವರದು. ಯಾರಿಗೆ ಹಕ್ಕು ಅನ್ನೋದು ವಕೀಲರದು. ಊರಿನಲ್ಲಿ ಯಾರ ಹೊಲಕ್ಕೆ ಮೊದಲು, ಯಾರ ಹೊಲಕ್ಕೆ ಕೊನೆ, ಅದಕ್ಕೆ ಜಾತಿ ಎಷ್ಟು ಕಾರಣ, ದುಡ್ಡು ಎಷ್ಟು ಕಾರಣ ಅನ್ನೋದು ಸಮಾಜಶಾಸ್ತ್ರದವರದು. "ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿಗೆ ಸರಿಯಾಗೇ ಹೇಳ್ತಾರೆ ಚಿಕ್ಕಪ್ಪ. ಆದರೆ ಕೆರೆ ಒಂದೇ. ಇವರನ್ನೆಲ್ಲ ಒಂದೇ ದಂಡೆ ಮೇಲೆ ಕೂರಿಸಿ ಮಾತಾಡಿಸೋದು ಹೇಗೆ ಅನ್ನೋದನ್ನ ನಾವು ಕಲೀತಾ ಇದ್ದೀವಿ." ಅವಳು ಹೀಗೆ ಹೇಳಿದಾಗ, ಎಲ್ಲಾ ಓದೋದು ಅಂದ್ರೆ ಏನೂ ಓದದೇ ಇರೋದು ಎಂದು ನಾವು ಹಿಂದೆ ಆಡಿದ್ದ ಮಾತು ನೆನಪಾಗಿ ನಾಚಿಕೆ ಆಯಿತು.

ಇನ್ನು ಹಾಲಿನ ಬೆಲೆಗೆ ಬರೋಣ. ನಮ್ಮ ಬಟವಾಡೆಯ ರೇಟು ಒಕ್ಕೂಟದಲ್ಲಿ ನಿರ್ಧಾರ ಆಗುತ್ತೆ, ಅಷ್ಟೇ ನಮಗೆ ಗೊತ್ತಿದ್ದದ್ದು. ಅವಳು 2019ರ ವಿಷಯ ತೆಗೆದಳು. ಆಗ ಹದಿನಾರು ದೇಶಗಳು ಸೇರಿ ಆರ್.ಸಿ.ಇ.ಪಿ. ಎಂಬ ವ್ಯಾಪಾರ ಒಪ್ಪಂದದ ಮಾತುಕತೆ ನಡೆಸುತ್ತಿದ್ದವು. ಅದಕ್ಕೆ ನಮ್ಮ ದೇಶ ಸಹಿ ಹಾಕಿದರೆ ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗದಲ್ಲಿ ಬಂದು ಬೀಳುತ್ತೆ ಎಂದು ದೇಶದ ಹಾಲು ಉತ್ಪಾದಕರೆಲ್ಲ ವಿರೋಧ ಮಾಡಿದರು. 2019ರ ನವೆಂಬರ್ 4ರಂದು ಭಾರತ ಆ ಒಪ್ಪಂದದಿಂದ ಹೊರಗೆ ಉಳಿಯಿತು. ನಾವು ಪಟಾಕಿ ಹೊಡೆದಷ್ಟು ಸಂತೋಷಪಟ್ಟೆವು.

"ಅಲ್ಲಿ ಹಾಲಿನ ಪುಡಿ ಮಾಡುವ ದೊಡ್ಡ ಕಂಪನಿ ಯಾರದ್ದು ಗೊತ್ತಾ?" ಅಂತ ಅವಳು ಕೇಳಿದಳು. ಯಾರೋ ಕೋಟ್ಯಧಿಪತಿ ಇರಬೇಕು ಅಂದೆವು. ಅಲ್ಲವಂತೆ. ಫಾಂಟೆರಾ ಎಂಬುದು ಅಲ್ಲಿನ ಹಸು ಸಾಕುವ ರೈತರೇ ಒಡೆಯರಾಗಿರುವ ಸಹಕಾರಿ. 2001ರಲ್ಲಿ ಆದದ್ದು, ನಮ್ಮ ಸಂಘಕ್ಕಿಂತ ಒಂದು ವರ್ಷ ಚಿಕ್ಕದು! ಐವತ್ತು ಲಕ್ಷದ ಆಸುಪಾಸು ಜನ ಇರುವ ದೇಶ. ಕರೆದ ಹಾಲನ್ನು ಅವರೇ ಕುಡಿದು ಮುಗಿಸೋದಕ್ಕೆ ಆಗೋದಿಲ್ಲ, ಹೆಚ್ಚಿನ ಪಾಲು ಹೊರದೇಶಕ್ಕೆ ಮಾರಲೇಬೇಕು. ನಮ್ಮ ದೇಶದಲ್ಲೋ, ಲೋಕದಲ್ಲೇ ಅತಿ ಹೆಚ್ಚು ಹಾಲು ಆದರೂ, ಅದು ಒಂದು ಹಸು ಎರಡು ಹಸು ಕಟ್ಟಿದ ಕೋಟ್ಯಂತರ ಮನೆಗಳಿಂದ ಬರುವ ಹಾಲು. ನಾವು ಎದುರಾಳಿ ಅಂದುಕೊಂಡವರೂ ನಮ್ಮ ಹಾಗೆ ಬೆಳಗಿನ ಜಾವ ಎದ್ದು ಹಾಲು ಕರೆಯುವವರೇ. ಅವರ ಕಷ್ಟ ಅವರಿಗೆ, ನಮ್ಮ ಕಷ್ಟ ನಮಗೆ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕುವ ನಿಯಮ ಬರೆಯುವವರು ಎಲ್ಲೋ ದೂರದಲ್ಲಿ ಕೂತು ಬರೆಯುತ್ತಾರೆ. ಆ ಕೋಣೆಯಲ್ಲಿ ಹಾಲು ಕರೆಯುವವರ ಮನೆಯಿಂದ ಬಂದ, ಓದಿದ ಮಗು ಒಂದಾದರೂ ಇರಬೇಡವೆ?

'ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ' ಅಂತ ಗಾದೆ ಇದೆ. ಲೋಕದ ಕಷ್ಟಗಳೂ ಹಾಗೇ. ಚೀನಾದ ವುಹಾನಿನಲ್ಲಿ 2019ರ ಕೊನೆಗೆ ಕಾಣಿಸಿಕೊಂಡ ಕೊರೊನಾ, 2020ರ ಮಾರ್ಚ್ ಹೊತ್ತಿಗೆ ನಮ್ಮ ಡೈರಿ ಬಾಗಿಲಿಗೆ ಬಂತು. ಹೋಟೆಲು ಮುಚ್ಚಿತು, ಮದುವೆ ನಿಂತಿತು, ಹಾಲು ಕೇಳುವವರಿಲ್ಲ. ಟೊಮೆಟೊವನ್ನು ಹೊಲದಲ್ಲೇ ಬಿಟ್ಟೆವು. 2022ರ ಫೆಬ್ರವರಿಯಲ್ಲಿ ರಷ್ಯಾ ದೇಶ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದರೆ, ಇಲ್ಲಿ ಪೊಟ್ಯಾಷ್ ಗೊಬ್ಬರಕ್ಕೆ ಪರದಾಟ. ಯಾಕೆಂದರೆ ಪೊಟ್ಯಾಷ್ ನಾವು ಹೊರಗಿಂದಲೇ ತರಿಸಬೇಕು, ಅದನ್ನು ಕಳಿಸುವ ದೊಡ್ಡ ದೇಶಗಳಲ್ಲಿ ರಷ್ಯಾ, ಬೆಲಾರುಸ್ ಕೂಡ ಸೇರಿವೆ. ಆದ್ದರಿಂದ ಲೋಕದ ಸಮಸ್ಯೆ ಓದುತ್ತೀನಿ ಅನ್ನುವ ಮಗು ನಮ್ಮ ಕೊಟ್ಟಿಗೆಯ ಸಮಸ್ಯೆಯನ್ನೇ ಓದುತ್ತಿದೆ ಎಂದು ತಿಳಿಯಬೇಕು.

ಈಗ ಹೇಳಬೇಕಾದ ಮಾತು ಸ್ವಲ್ಪ ಕಷ್ಟದ್ದು. ತಿಂಗಳ ಕೊನೆಗೆ ಅವಳು ಕಾರ್ಯದರ್ಶಿಗಳ ಅನುಮತಿ ಪಡೆದು ಸಂಘದ ಸದಸ್ಯತ್ವದ ರಿಜಿಸ್ಟರು, ಬಟವಾಡೆ ಪುಸ್ತಕ ನೋಡಿದಳು. ನಮ್ಮ ಸಂಘದಲ್ಲಿ 186 ಜನ ಸದಸ್ಯರು. ಅವರಲ್ಲಿ ಹೆಂಗಸರು 31. ಅವಳು ಒಂದು ವಾರ ಬೆಳಗ್ಗೆ ಸಂಜೆ ಡೈರಿ ಬಾಗಿಲಲ್ಲಿ ನಿಂತು, ಹಾಲು ತಂದು ಹಾಕುವವರು ಯಾರು ಅಂತ ಗೆರೆ ಎಳೆದುಕೊಂಡಳು. ಹತ್ತರಲ್ಲಿ ಏಳು ಜನ ಹೆಂಗಸರು. ಮನೆ ಮನೆಯಲ್ಲಿ ಕೇಳಿದಳು: ಕಸ ಬಳಿಯೋದು ಯಾರು, ಮೇವು ಕುಯ್ಯೋದು ಯಾರು, ಹಾಲು ಕರೆಯೋದು ಯಾರು, ದುಡ್ಡು ಜಮಾ ಆಗೋ ಪಾಸ್‌ಬುಕ್ಕು ಯಾರ ಹೆಸರಲ್ಲಿದೆ?

ನಮ್ಮ ಮನೆಗೂ ಬಂದಳು. ನಾವು ಆಗ ಊಟಕ್ಕೆ ಕೂತಿದ್ದೆವು. ನಮ್ಮ ಮನೆಯವರು ಮುದ್ದೆ ಬಡಿಸುತ್ತಾ ನಿಂತೇ ಉತ್ತರ ಕೊಟ್ಟರು. ಕಸ ನಾನು, ಮೇವು ನಾನು, ಕರೆಯೋದು ನಾನು. ಪಾಸ್‌ಬುಕ್ಕು ಅವರದು. ಅಷ್ಟೇ ಹೇಳಿದ್ದು, ಬೇರೆ ಏನೂ ಅನ್ನಲಿಲ್ಲ. ಹುಡುಗಿಯೂ ಏನೂ ಅನ್ನದೆ ಬರೆದುಕೊಂಡಳು. ನಮಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಹನ್ನೊಂದು ವರ್ಷದಿಂದ ನಿರ್ದೇಶಕರಾಗಿ, ಹಾಲು ಉತ್ಪಾದಕರ ಪ್ರತಿನಿಧಿ ಎಂದು ಹಾರ ಹಾಕಿಸಿಕೊಂಡಿದ್ದೇವೆ. ನಿಜವಾಗಿ ಹಾಲು ಉತ್ಪಾದನೆ ಮಾಡಿದವರು ಅಡುಗೆ ಮನೆ ಬಾಗಿಲಲ್ಲಿ ನಿಂತಿದ್ದರು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗಾಯಿತು ನಮ್ಮ ಸ್ಥಿತಿ.

ಬಂಧುಗಳೆ, ಪಶುವೈದ್ಯರು ಹಸುವಿನ ರೋಗ ಹೇಳುತ್ತಾರೆ, ಅವರಿಗೆ ನಮ್ಮ ಗೌರವ ಇದ್ದೇ ಇದೆ. ಆದರೆ ಪಾಸ್‌ಬುಕ್ಕು ಯಾರ ಹೆಸರಲ್ಲಿದೆ ಎಂದು ಕೇಳುವ ವಿದ್ಯೆಯೂ ಒಂದು ವಿದ್ಯೆಯೇ. ಠರಾವು ಮಾಡುವಾಗ ನಾವು 'ಉಪಯುಕ್ತ' ಎಂಬ ಮಾತು ಹಾಕಿದೆವಲ್ಲ, ಯಾರಿಗೆ ಉಪಯುಕ್ತ ಅಂತ ಯೋಚನೆ ಮಾಡಿರಲಿಲ್ಲ.

ಅವಳು ನಮಗೆ ಎಲಿನಾರ್ ಆಸ್ಟ್ರೋಮ್ ಎಂಬ ಅಮೆರಿಕದ ಹೆಣ್ಣುಮಗಳ ಕಥೆ ಹೇಳಿದಳು. ಸಹಕಾರಿಗಳಾದ ನಾವೆಲ್ಲ ತಿಳಿಯಬೇಕಾದ ಹೆಸರು. 1933ರಲ್ಲಿ ಹುಟ್ಟಿದ ಆಕೆಗೆ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂದು ಆಸೆ. ಗಣಿತ ಸಾಲದು ಎಂದು ಆ ವಿಭಾಗದವರು ಸೇರಿಸಿಕೊಳ್ಳಲಿಲ್ಲ. (ಗಣಿತದಲ್ಲಿ ಡುಮ್ಕಿ ಹೊಡೆದ ನಮಗೆ ಇದು ಕೇಳಿ ಸಮಾಧಾನ ಆಯಿತು.) ಆಕೆ ರಾಜ್ಯಶಾಸ್ತ್ರಕ್ಕೆ ಸೇರಿ, ಲಾಸ್ ಏಂಜಲೀಸ್ ಹತ್ತಿರದ ಅಂತರ್ಜಲದ ಬಗ್ಗೆ ಸಂಶೋಧನೆ ಮಾಡಿ 1965ರಲ್ಲಿ ಪದವಿ ಪಡೆದರು. ಅಲ್ಲೂ ನಮ್ಮದೇ ಕಥೆ. ಎಲ್ಲರೂ ಪೈಪೋಟಿಯಲ್ಲಿ ನೀರು ಎತ್ತಿ, ಕೊನೆಗೆ ಸಮುದ್ರದ ಉಪ್ಪುನೀರು ಭೂಮಿಯೊಳಗೆ ನುಗ್ಗಿತು. ಆಮೇಲೆ ಬಾವಿಗಳ ಒಡೆಯರು ಕೂತು ಮಾತಾಡಿ, ಕೋರ್ಟಿನ ಸಹಾಯವನ್ನೂ ಪಡೆದು, ಯಾರು ಎಷ್ಟು ಎತ್ತಬೇಕು ಎಂದು ತಾವೇ ಕಟ್ಟುಪಾಡು ಮಾಡಿಕೊಂಡರು.

ಅವರು ಮತ್ತು ಅವರ ಯಜಮಾನರು ಸೇರಿ 1973ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಒಂದು ಕೇಂದ್ರ ತೆರೆದರು. ಅದಕ್ಕೆ 'ಕಾರ್ಯಾಗಾರ' ಎಂಬ ಅರ್ಥದ ಹೆಸರಿಟ್ಟರು. ಗಂಡ ಹೆಂಡತಿ ಇಬ್ಬರೂ ಒಬ್ಬ ಬಡಗಿಯ ಹತ್ತಿರ ಮರದ ಕೆಲಸ ಕಲಿತವರಂತೆ, ಅಲ್ಲಿ ಕೆಲಸ ನಡೆಯುವ ರೀತಿಯಲ್ಲೇ ವಿದ್ಯೆಯೂ ನಡೆಯಬೇಕು ಎಂಬುದು ಅವರ ಉದ್ದೇಶ. ಬೇರೆ ಬೇರೆ ಶಾಸ್ತ್ರದವರು ಅಲ್ಲಿ ಒಟ್ಟಿಗೆ ಕೂತರು. ಕಾಡು, ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿ ಇಂಥ ಎಲ್ಲರ ಸ್ವತ್ತನ್ನು ಜನ ಹೇಗೆ ಕಾಪಾಡಿಕೊಂಡಿದ್ದಾರೆಂದು ದೇಶ ದೇಶಗಳಲ್ಲಿ ನೋಡಿದರು. ನೇಪಾಳದಲ್ಲಿ ರೈತರೇ ನಡೆಸುವ ಕಾಲುವೆಗಳು ಎಷ್ಟೋ ಕಡೆ ಸರ್ಕಾರ ಕಟ್ಟಿಸಿದ ಕಾಲುವೆಗಳಿಗಿಂತ ಚೆನ್ನಾಗಿ ನಡೆಯುತ್ತಿದ್ದುದನ್ನು ತೋರಿಸಿದರು. ಎಲ್ಲರ ಸ್ವತ್ತು ಎಂದರೆ ಹಾಳಾಗಲೇಬೇಕು, ಇಲ್ಲ ಸರ್ಕಾರಕ್ಕೆ ಕೊಡಿ, ಇಲ್ಲ ಸಾಹುಕಾರನಿಗೆ ಕೊಡಿ ಎಂದು ಪಂಡಿತರು ಹೇಳುತ್ತಿದ್ದ ಕಾಲದಲ್ಲಿ ಆಕೆ, ಹಾಗೇನೂ ಇಲ್ಲ, ಯಾರಿಗೆ ಪಾಲು ಎಂಬುದು ಸ್ಪಷ್ಟ ಇದ್ದರೆ, ಕಟ್ಟುಪಾಡನ್ನು ಬಳಸುವವರೇ ಮಾಡಿಕೊಂಡರೆ, ಮೇಲ್ವಿಚಾರಣೆ ಇದ್ದರೆ, ತಪ್ಪಿಗೆ ಮೊದಲು ಸಣ್ಣ ದಂಡ ಆಮೇಲೆ ದೊಡ್ಡ ದಂಡ ಇದ್ದರೆ, ಜನ ತಾವೇ ನಡೆಸಿಕೊಂಡು ಹೋಗಬಲ್ಲರು ಎಂದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಆಕೆಗೂ ಬಂತು. ಅರ್ಥಶಾಸ್ತ್ರಕ್ಕೆ ಸೇರಿಸಿಕೊಳ್ಳದ ಹೆಣ್ಣುಮಗಳೇ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. 2012ರಲ್ಲಿ ತೀರಿಕೊಂಡರು.

ಇದನ್ನು ಕೇಳಿ ನಾವು, "ನಮ್ಮ ಕೆರೆಗೆ ನೀರಗಂಟಿ ಇದ್ದನಲ್ಲ, ತೂಬು ಎತ್ತಿ ಸರದಿ ಪ್ರಕಾರ ನೀರು ಬಿಡ್ತಿದ್ದ, ಕುಯ್ಲಿನಲ್ಲಿ ಕಣದಲ್ಲೇ ಅವನ ಪಾಲು ಕೊಡ್ತಿದ್ದೆವು. ಆ ತಾಯಿ ಹೇಳಿದ್ದು ನಮ್ಮ ಹಿರೀಕರಿಗೆ ಮೊದಲೇ ಗೊತ್ತಿತ್ತು" ಎಂದು ಜಂಬದಿಂದ ಹೇಳಿದೆವು. ಹುಡುಗಿ ಹೂಂ ಅಂದಳು. ಆಮೇಲೆ ನಿಧಾನಕ್ಕೆ, "ನೀರು ಹಂಚ್ತಿದ್ದ ನೀರಗಂಟಿಗೆ ಸ್ವಂತ ಗದ್ದೆ ಎಷ್ಟಿತ್ತು ಚಿಕ್ಕಪ್ಪ?" ಎಂದು ಕೇಳಿದಳು. ನಮ್ಮೂರ ನೀರಗಂಟಿಯ ಮನೆಯವರಿಗೆ ಕೆರೆ ಕೆಳಗೆ ಒಂದು ಗುಂಟೆಯೂ ಇರಲಿಲ್ಲ. ಅವರ ಮೊಮ್ಮಕ್ಕಳು ಇವತ್ತು ನಮ್ಮ ಸಂಘದ ಸದಸ್ಯರು, ಇಲ್ಲೇ ಕೂತಿದ್ದಾರೆ. ಹಳೆಯದನ್ನು ಹೊಗಳುವಾಗಲೂ ಪೂರ್ತಿ ಲೆಕ್ಕ ಬರೆಯಬೇಕು ಅನ್ನೋದನ್ನು ಆ ಓದು ಅವಳಿಗೆ ಕಲಿಸಿದೆ.

ಈ ಬಗೆಯ ಓದು ನಿನ್ನೆ ಮೊನ್ನೆ ಬಂದದ್ದಲ್ಲ. 1972ರಲ್ಲೇ ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿ, ಬೇರೆ ಬೇರೆ ಸಮಾಜ ವಿಜ್ಞಾನದವರು ಒಂದೇ ಸೂರಿನಡಿ ಸಂಶೋಧನೆ ಮಾಡುವಂತೆ ಮಾಡಿದರು. ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾನಿಲಯದವರು 2002ರಲ್ಲಿ ಜಾಗತಿಕ ಅಧ್ಯಯನ ಎಂಬ ಎಂ.ಎ. ಶುರುಮಾಡಿ, ಬೇರೆ ಖಂಡಗಳ ವಿಶ್ವವಿದ್ಯಾನಿಲಯಗಳ ಜೊತೆ ಸೇರಿ ನಡೆಸಿದರು. ಎರಡು ವರ್ಷದಲ್ಲಿ ವಿದ್ಯಾರ್ಥಿಗಳು ಒಂದೇ ಊರಿನಲ್ಲಿ ಕೂರದೆ ಬೇರೆ ಬೇರೆ ಖಂಡಗಳಲ್ಲಿ ಓದುವ ಏರ್ಪಾಡು. 'ದೇಶ ಸುತ್ತು, ಕೋಶ ಓದು' ಎಂದು ನಮ್ಮವರು ಹೇಳಿದ್ದನ್ನು ಅವರು ಒಂದೇ ಕೋರ್ಸಿನಲ್ಲಿ ಸೇರಿಸಿದ್ದಾರೆ.

ಹಾಗೆಂದು ಎಲ್ಲವೂ ಚಿನ್ನ ಎಂದು ನಾವು ಹೇಳುವುದಿಲ್ಲ. ಕೆಲಸ ಸಿಗುತ್ತಾ ಎಂದು ಕೇಳುವ ತಂದೆ ತಾಯಿಗಳ ಚಿಂತೆ ನ್ಯಾಯವಾದದ್ದೇ. ಇದನ್ನು ಓದಿದವರು ಸ್ವಯಂಸೇವಾ ಸಂಸ್ಥೆಗಳಲ್ಲಿ, ಸರ್ಕಾರದ ಯೋಜನೆಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ, ಪತ್ರಿಕೆಗಳಲ್ಲಿ ಕೆಲಸ ಮಾಡುತ್ತಾರೆ. ಸಾಫ್ಟ್‌ವೇರಿನವರ ಹಾಗೆ ಸಂಬಳ ಬರುತ್ತೆ ಅಂತ ಯಾರೂ ಆಸೆ ತೋರಿಸಬಾರದು. ಸಾಲ ಮಾಡಿ ಓದಿಸುವ ಮನೆಯವರಿಗೆ ಇದನ್ನು ಮೊದಲೇ ಹೇಳಬೇಕು.

ಇನ್ನೊಂದು ದೂರು ನಮ್ಮ ಕಡೆಯಿಂದಲೂ ಇದೆ. ಈ ಇಪ್ಪತ್ತೈದು ವರ್ಷದಲ್ಲಿ ಎಷ್ಟೋ ಜನ ಫಾರಂ ಹಿಡಿದು ಊರಿಗೆ ಬಂದರು. ಎಷ್ಟು ಹಸು, ಎಷ್ಟು ಸಾಲ, ಕಕ್ಕಸು ಇದೆಯಾ ಅಂತ ಬರೆದುಕೊಂಡು, ಟೀ ಕುಡಿದು ಹೋದರು. ಅದು ಏನಾಯಿತು ಎಂದು ಒಬ್ಬರೂ ಬಂದು ಹೇಳಲಿಲ್ಲ. ನಮ್ಮ ಹುಡುಗಿಯ ವರದಿಯೂ ಇಂಗ್ಲಿಷಿನಲ್ಲೇ ಇತ್ತು. "ನಮ್ಮ ವಿಷಯ ಬರೆದು ನಮಗೇ ಓದೋಕೆ ಬರದ ಹಾಗೆ ಬರೆದರೆ ಹೇಗಮ್ಮ?" ಎಂದು ಕೇಳಿದೆವು. ಅವಳಿಗೂ ನಾಚಿಕೆ ಆಯಿತು. ಕಳೆದ ಯುಗಾದಿಗೆ ಬಂದಾಗ ಹದಿನೆಂಟು ಪುಟ ಕನ್ನಡದಲ್ಲಿ ಬರೆದು ತಂದು, ಇದೇ ಡೈರಿ ಜಗಲಿಯಲ್ಲಿ ಓದಿದಳು. ನಿಮ್ಮಲ್ಲಿ ಬಹಳ ಜನ ಕೇಳಿದ್ದೀರಿ. ಒಂದೆರಡು ಕಡೆ ಅವಳ ಲೆಕ್ಕ ತಪ್ಪು ಎಂದು ಹೆಂಗಸರೇ ಎದ್ದು ತಿದ್ದಿದರು. ಅದನ್ನೂ ಅವಳು ಬರೆದುಕೊಂಡಳು. ಮೇಷ್ಟರು ತಿದ್ದಿದ್ದಕ್ಕಿಂತ ಇದು ಹೆಚ್ಚು ಕಷ್ಟ ಆಯಿತು ಎಂದು ಆಮೇಲೆ ನಮ್ಮ ಹತ್ತಿರ ಹೇಳಿದಳು.

ನಮ್ಮ ರಾಜ್ಯದ ಸಹಕಾರ ಚಳವಳಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಂಥವರಿಂದ ಶುರುವಾಯಿತು. ಅದಕ್ಕೂ ಮೊದಲು 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಜನ ಸೇರಿ ಅಂಗಡಿ ತೆರೆದರು. ಬಡವರಾದ ಅವರು ಮುಂದೆ ಲಾಭದಲ್ಲಿ ಒಂದು ಪಾಲನ್ನು ವಿದ್ಯೆಗೆಂದೇ ತೆಗೆದಿಟ್ಟು ವಾಚನಾಲಯ ನಡೆಸಿದರು. ಸಹಕಾರದ ಏಳು ತತ್ವಗಳಲ್ಲಿ ಐದನೆಯದು ಶಿಕ್ಷಣ, ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಅದು ನಮ್ಮ ಸಂಘದ ಗೋಡೆಯ ಮೇಲೂ ಬರೆದಿದೆ. ಬಣ್ಣ ಮಾಸಿದೆ, ಆದರೆ ಓದೋಕೆ ಬರುತ್ತೆ.

ಕೊನೆಯದಾಗಿ ಮೂರು ಕೋರಿಕೆ ಇಟ್ಟು ಮುಗಿಸುತ್ತೇವೆ.

ಒಂದು, 2023ರ ಠರಾವಿನಲ್ಲಿ ಇರುವ 'ಉಪಯುಕ್ತ ವ್ಯಾಸಂಗ' ಎಂಬ ಮಾತನ್ನು ತೆಗೆದುಹಾಕಿ, ಯಾವ ವಿಷಯ ಓದುವ ಸದಸ್ಯರ ಮಕ್ಕಳಿಗೂ ಸಹಾಯಧನ ಸಿಗುವಂತೆ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ತರಬೇಕು. ಸೂಚಕರು ನಾವೇ ಆಗುತ್ತೇವೆ. ನಮ್ಮ ಅಣ್ಣನ ಮಗಳ ಓದು ಮುಗಿಯುತ್ತಾ ಬಂತು, ಅವಳಿಗೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಮುಂದಿನ ಮಕ್ಕಳಿಗೆ ಬರಲಿ.

ಎರಡು, ಸಹಾಯಧನ ಪಡೆದ ಮಗು, ಡಾಕ್ಟರಾಗಲಿ ಇಂಜಿನಿಯರಾಗಲಿ ಎಂ.ಎ. ಆಗಲಿ, ವರ್ಷಕ್ಕೊಮ್ಮೆ ಊರಿಗೆ ಬಂದು ತಾನು ಕಲಿತದ್ದನ್ನು ಕನ್ನಡದಲ್ಲಿ ಸದಸ್ಯರಿಗೆ ಹೇಳಬೇಕು. ನಾವು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಇದೊಂದೇ ಷರತ್ತು ಸಾಕು.

ಮೂರು, ಹಾಲು ಕರೆಯುವ ಕೈಗೆ ಸದಸ್ಯತ್ವ. ಇದಕ್ಕೆ ಯಾವ ಠರಾವೂ ಬೇಕಾಗಿಲ್ಲ, ಒಂದು ಅರ್ಜಿ ಮತ್ತು ಷೇರು ಹಣ ಸಾಕು. ಕಳೆದ ತಿಂಗಳು ನಮ್ಮ ಮನೆಯವರ ಅರ್ಜಿ ಕೊಟ್ಟಿದ್ದೇವೆ. ಅವರ ಹೆಸರಿನಲ್ಲೇ ಪಾಸ್‌ಬುಕ್ಕು ಆಗಿದೆ. "ಈಗೇನು ನನಗೆ ನಿರ್ದೇಶಕರ ಚುನಾವಣೆಗೆ ನಿಲ್ಲಬಹುದಾ?" ಎಂದು ಅವರು ಮೊನ್ನೆ ಕೇಳಿದರು. ನಿಲ್ಲಬಹುದು ಎಂದೆವು. ಆದ್ದರಿಂದ ಮುಂದಿನ ಸಲ ಈ ವೇದಿಕೆಯ ಮೇಲೆ ನಮ್ಮನ್ನು ನೀವು ಕಾಣದೇ ಹೋದರೆ ಕಾರಣ ನಿಮಗೆ ಗೊತ್ತಿರಲಿ.

 ಸಂಜೆ ಹಾಲಿನ ಹೊತ್ತಾಯಿತು, ಹಸುಗಳು ಕಾಯುತ್ತಿರುತ್ತವೆ.

ಜೈ ಕರ್ನಾಟಕ, ಜೈ ಸಹಕಾರ.